ಇಂಜಿನ್ನಿನ ಬೆನ್ನು, ಗೇರ್‌ಬಾಕ್ಸಿನ ಮುಖ



ಹಳೆಯ ಸ್ಪೋರ್ಟ್ಸ್ ಕಾರನ್ನು ಮತ್ತೆ ಕಟ್ಟಲು ಹೊರಟವರು ಮೊದಲು ಹಣ ಸುರಿಯುವುದು ಬಣ್ಣಕ್ಕೆ, ಕ್ರೋಮ್ ಬಂಪರಿಗೆ, ಸೀಟಿನ ಚರ್ಮಕ್ಕೆ. ಕಣ್ಣಿಗೆ ಕಾಣುವುದು ಅದೇ ಆದ್ದರಿಂದ ಹಾಗಾಗುವುದು ಸಹಜ. ಆದರೆ ಕಟ್ಟಿದ ಕಾರು ರಸ್ತೆಯ ಮೇಲೆ ಬಾಳುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಯಾರೂ ಬಗ್ಗಿ ನೋಡದ ಎರಡು ಜಾಗಗಳಲ್ಲಿ. ಒಂದು, ಇಂಜಿನ್ ಬಂದು ಕೂರುವ ರಬ್ಬರ್ ಮೌಂಟಿಂಗ್. ಇನ್ನೊಂದು, ಇಂಜಿನ್ನಿನ ಬೆನ್ನಿಗೆ ಗೇರ್‌ಬಾಕ್ಸಿನ ಮುಖ ಸೇರುವ ಸಂದು. ಇವತ್ತು ನಾನು ಮಾತಾಡುವುದು ಆ ಎರಡರ ಬಗ್ಗೆ, ಒಂದೇ ಕಾರನ್ನು ಮುಂದಿಟ್ಟುಕೊಂಡು. ಆ ಕಾರು ಎಂಜಿಬಿ.

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಅವುಗಳಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು. ಹದಿನೆಂಟು ವರ್ಷ ಅದರ ಹೊರಗಿನ ಆಕಾರ ಹೆಚ್ಚು ಬದಲಾಗಲಿಲ್ಲ. 1974ರಲ್ಲಿ ಅಮೆರಿಕದ ಕಾನೂನಿಗಾಗಿ ಕ್ರೋಮ್ ಬಂಪರ್ ಹೋಗಿ ಕಪ್ಪು ರಬ್ಬರ್ ಬಂಪರ್ ಬಂದದ್ದೇ ದೂರದಿಂದ ಗುರುತಿಸಬಹುದಾದ ದೊಡ್ಡ ಬದಲಾವಣೆ. ಆದರೆ ಬಾನೆಟ್ಟಿನ ಕೆಳಗೆ ಕಥೆ ಬೇರೆ. ಅಲ್ಲಿ ಕಾರ್ಖಾನೆಯವರು ಸುಮ್ಮನೆ ಕೂರಲೇ ಇಲ್ಲ. ಹೀಗಾಗಿ ಹಳೆ ಸಾಮಾನು ಮಾರುವವನು "ಇದು ಎಂಜಿಬಿ ಗೇರ್‌ಬಾಕ್ಸ್" ಎಂದರೆ ಅವನು ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ನಮಗೆ ಬೇಕಾದ ಸಂಗತಿಯನ್ನು ಹೇಳಿದಂತೆಯೂ ಆಗುವುದಿಲ್ಲ.

ಈ ಇಂಜಿನ್ನಿನ ವಂಶ ನಮಗೆ ತೀರ ಅಪರಿಚಿತವಲ್ಲ. ಬಿಎಂಸಿ ಎಂಬ ಬ್ರಿಟಿಷ್ ಕಂಪನಿಯ ಬಿ-ಸೀರೀಸ್ ಇಂಜಿನ್ ಇದು. ದಶಕಗಳ ಕಾಲ ನಮ್ಮ ಸರ್ಕಾರಿ ಕಚೇರಿಗಳ ಮುಂದೆ, ರೈಲ್ವೆ ಸ್ಟೇಷನ್ನಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತಿದ್ದ ಅಂಬಾಸಿಡರಿನೊಳಗೆ ಇದ್ದದ್ದೂ ಬಿ-ಸೀರೀಸ್ ಇಂಜಿನ್ನೇ, 1489 ಸಿಸಿಯದು. ಅದೇ 1489 ಸಿಸಿ ಇಂಜಿನ್ 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಆಮೇಲೆ 1588, 1622 ಎಂದು ಬೆಳೆದು ಎಂಜಿಬಿಗೆ ಬರುವ ಹೊತ್ತಿಗೆ 1798 ಸಿಸಿ ಆಯಿತು. ಅಂಬಾಸಿಡರಿನ ಟ್ಯಾಪೆಟ್ ಹೊಂದಿಸಿ ಕೈ ಪಳಗಿದ ಹಿರಿಯ ಮೆಕ್ಯಾನಿಕ್ ಎಂಜಿಬಿಯ ಬಾನೆಟ್ ಎತ್ತಿದರೆ ಅವರಿಗೆ ಯಾವುದೂ ಹೊಸದು ಅನ್ನಿಸುವುದಿಲ್ಲ. ಆದರೆ ವಂಶ ಒಂದೇ ಎಂದ ಮಾತ್ರಕ್ಕೆ ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ ಎಂದು ನಂಬಬಾರದು. ಎಂಜಿಬಿಯ ಒಳಗೇ ಒಂದು ವರ್ಷದ ಭಾಗ ಇನ್ನೊಂದು ವರ್ಷದ ಗಾಡಿಗೆ ಕೂರುವುದಿಲ್ಲ. ನಮ್ಮ ಸಮಸ್ಯೆ ಶುರುವಾಗುವುದೇ ಅಲ್ಲಿ.

ಇಂಜಿನ್ ಬ್ಲಾಕಿನ ಬದಿಯಲ್ಲಿ ಒಂದು ಸಣ್ಣ ತಗಡಿನ ಮೇಲೆ ನಂಬರ್ ಇರುತ್ತದೆ. 18ಜಿ ಎಂದಿದ್ದರೆ ಮೊದಲ ಕಾಲದ್ದು. ಆಮೇಲೆ 18ಜಿಎ ಬಂತು. 1964ರ ಕೊನೆಗೆ 18ಜಿಬಿ. 1967ರ ಕೊನೆಯಿಂದ 18ಜಿಡಿ, ಅಮೆರಿಕಕ್ಕೆ ಹೋದವು 18ಜಿಎಫ್. ಎಪ್ಪತ್ತರ ದಶಕದವು 18ವಿ. ಮೇಲ್ನೋಟಕ್ಕೆ ಎಲ್ಲವೂ ಒಂದೇ ಬಗೆಯ ನಾಲ್ಕು ಸಿಲಿಂಡರಿನ ಕಬ್ಬಿಣದ ಬ್ಲಾಕು. ಆದರೆ ಈ ಸಾಲಿನಲ್ಲಿ ಎರಡು ಕಡೆ ಗೆರೆ ಎಳೆಯಬೇಕು.

ಮೊದಲ ಗೆರೆ 1964. ಅಲ್ಲಿಯವರೆಗೆ ಕ್ರ್ಯಾಂಕ್ ಶಾಫ್ಟನ್ನು ಮೂರು ಮೇನ್ ಬೇರಿಂಗುಗಳು ಹೊರುತ್ತಿದ್ದವು. ಇಂಜಿನ್ 1798 ಸಿಸಿಗೆ ಬೆಳೆದಿತ್ತು, ಹೆಚ್ಚಿನ ವೇಗದಲ್ಲಿ ಶಾಫ್ಟ್ ಬಾಗುವುದನ್ನು ತಡೆಯಲು ಆ ಆಧಾರ ಸಾಲುತ್ತಿರಲಿಲ್ಲ. 18ಜಿಬಿಯಲ್ಲಿ ಬೇರಿಂಗುಗಳು ಐದಾದವು. ಜೊತೆಗೆ ಶಾಫ್ಟಿನ ಹಿಂತುದಿಗೆ ರಬ್ಬರ್ ತುಟಿಯ ಆಯಿಲ್ ಸೀಲ್ ಬಂತು. ಅದಕ್ಕೆ ಮೊದಲು ಸೀಲ್ ಇರಲಿಲ್ಲ. ಶಾಫ್ಟ್ ಮೇಲೆ ಕೊರೆದ ಸುರುಳಿ ಶಾಫ್ಟಿನೊಂದಿಗೆ ತಿರುಗುವಾಗ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿತ್ತು. ಈ ಹೊಸ ಸೀಲ್ ಕೂರುವುದು ಬ್ಲಾಕಿನಲ್ಲಲ್ಲ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಉಕ್ಕಿನ ಬ್ಯಾಕ್ ಪ್ಲೇಟಿನಲ್ಲಿ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಎರಡನೆಯ ಗೆರೆ 1967ರ ಕೊನೆ. ಅದುವರೆಗಿನ ಗೇರ್‌ಬಾಕ್ಸಿನಲ್ಲಿ ಎರಡು, ಮೂರು, ನಾಲ್ಕನೆಯ ಗೇರುಗಳಿಗೆ ಮಾತ್ರ ಸಿಂಕ್ರೊಮೆಶ್, ಅಂದರೆ ಗೇರುಗಳ ವೇಗ ಹೊಂದಿಸಿ ಕೂಡಿಸುವ ಏರ್ಪಾಡು, ಇತ್ತು. ಒಂದನೆಯ ಗೇರಿಗೆ ಇಲ್ಲ. ಗಾಡಿ ನಿಂತ ಮೇಲೆಯೇ ಅದನ್ನು ಹಾಕಬೇಕು. ಮಾರ್ಕ್ ಟೂ ಎಂದು ಹೆಸರಾದ ಮಾದರಿಯೊಂದಿಗೆ ನಾಲ್ಕಕ್ಕೂ ಸಿಂಕ್ರೊಮೆಶ್ ಇರುವ ಹೊಸ ಗೇರ್‌ಬಾಕ್ಸ್ ಬಂತು. ಅದು ಹಳೆಯದಕ್ಕಿಂತ ದಪ್ಪ. ಹಾಗಾಗಿ ಇಬ್ಬರು ಕೂರುವ ಸೀಟುಗಳ ನಡುವಿನ ಟನಲನ್ನೇ ಅಗಲ ಮಾಡಬೇಕಾಯಿತು. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಸೆಲ್ಫ್ ಮೋಟರ್ ಕೂಡ ಬೇರೆ. ಹಳೆಯದರಲ್ಲಿ ಮೋಟರ್ ತಿರುಗಿದ ರಭಸಕ್ಕೆ ಹಲ್ಲುಚಕ್ರ ಜಿಗಿದು ಫ್ಲೈವೀಲಿನ ರಿಂಗ್ ಗೇರನ್ನು ಹಿಡಿಯುತ್ತಿತ್ತು. ಹೊಸದರಲ್ಲಿ ಸಾಲಿನಾಯ್ಡ್ ಮೊದಲು ಹಲ್ಲನ್ನು ಕೂಡಿಸಿ, ಆಮೇಲೆ ಮೋಟರನ್ನು ತಿರುಗಿಸುತ್ತದೆ. ಮೋಟರ್ ಬದಲಾಯಿತು ಎಂದರೆ ರಿಂಗ್ ಗೇರ್ ಬದಲಾಯಿತು, ಫ್ಲೈವೀಲ್ ಬದಲಾಯಿತು, ಬ್ಯಾಕ್ ಪ್ಲೇಟಿನಲ್ಲಿ ಮೋಟರ್ ಕೂರುವ ತೂತೂ ಬದಲಾಯಿತು.

ಈಗ ಒಂದು ಗಾಡಿ ಕಲ್ಪಿಸಿಕೊಳ್ಳಿ. 1966ರ ತೆರೆದ ಎಂಜಿಬಿ. ಮೂಲ ಇಂಜಿನ್ ಎಂದೋ ಜಾಮ್ ಆಗಿ, ಯಾರೋ ಗುಜರಿಗೆ ಹಾಕಿದ್ದಾರೆ. ಗೇರ್‌ಬಾಕ್ಸ್ ಮಾತ್ರ ಒಳ್ಳೆಯ ಸ್ಥಿತಿಯಲ್ಲಿದೆ. ಕೊಂಡವರು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 1975ರ 18ವಿ ಇಂಜಿನ್ ತಂದಿದ್ದಾರೆ. ಇಂಥ ಗಾಡಿಗಳು ನಿಜಕ್ಕೂ ಬಹಳ. ಇಂಜಿನ್ನನ್ನು ಸರಪಳಿಗೆ ಕಟ್ಟಿ ಎತ್ತಿ ಬಾನೆಟ್ಟಿನೊಳಗೆ ಇಳಿಸುವಾಗ ಎರಡು ಕಡೆ ಅಡ್ಡಿ ಬರುತ್ತದೆ, ಮುಂದೆ ಮತ್ತು ಹಿಂದೆ.

ಹಿಂದಿನದನ್ನು ಮೊದಲು ನೋಡೋಣ. 18ವಿಯ ಬ್ಯಾಕ್ ಪ್ಲೇಟ್ ನಾಲ್ಕು ಸಿಂಕ್ರೊ ಗೇರ್‌ಬಾಕ್ಸಿಗಾಗಿ ಮಾಡಿದ್ದು. 1966ರ ಗೇರ್‌ಬಾಕ್ಸಿನ ಬೆಲ್ ಹೌಸಿಂಗ್, ಅಂದರೆ ಅದರ ಗಂಟೆಯಾಕಾರದ ಮುಂಭಾಗ, ಅದಕ್ಕೆ ಕೂರುವುದಿಲ್ಲ. ಸರಿ, 1963ರ ಹಳೆಯ ಬ್ಯಾಕ್ ಪ್ಲೇಟ್ ಹುಡುಕಿ ಹಾಕೋಣ ಎಂದರೆ, ಅದರಲ್ಲಿ ಆಯಿಲ್ ಸೀಲಿಗೆ ಜಾಗವೇ ಇಲ್ಲ, ಯಾಕೆಂದರೆ ಅದು ಮೂರು ಬೇರಿಂಗಿನ ಕಾಲದ್ದು. ಐದು ಬೇರಿಂಗಿನ ಬ್ಲಾಕಿಗೂ ಕೂರಬೇಕು, ಮೂರು ಸಿಂಕ್ರೊ ಗೇರ್‌ಬಾಕ್ಸಿಗೂ ಕೂರಬೇಕು. ಎರಡನ್ನೂ ಬಲ್ಲದ್ದು ಒಂದೇ: 18ಜಿಬಿಯ ಬ್ಯಾಕ್ ಪ್ಲೇಟ್ ಮತ್ತು ಅದರ ಫ್ಲೈವೀಲ್. ಮೂರು ವರ್ಷ ಮಾತ್ರ ತಯಾರಾದ ಆ ಇಂಜಿನ್ ಎರಡು ಕಾಲಗಳ ನಡುವಿನ ಕೊಂಡಿ. ಜಾಮ್ ಆದ ಮೂಲ ಇಂಜಿನ್ನನ್ನು ಗುಜರಿಗೆ ಹಾಕಿದವರು ಅದರ ಬೆನ್ನಿನಲ್ಲಿದ್ದ ಈ ಎರಡು ವಸ್ತುಗಳನ್ನೂ ಜೊತೆಗೆ ಎಸೆದಿದ್ದಾರೆ. ಬ್ಲಾಕಿಗಿಂತ ಅವೇ ಹೆಚ್ಚು ಬೆಲೆಯವು ಎಂದು ಆಗ ಅವರಿಗೆ ಹೊಳೆದಿಲ್ಲ. ನನಗೆ ನಿಜವಾಗಿ ನೋವಾಗುವುದು ಇಂಥದ್ದಕ್ಕೆ. ಕೆಟ್ಟ ಇಂಜಿನ್ನನ್ನು ಕೊಡುವ ಮೊದಲು ಅದರ ಮುಂದಿನ ಪ್ಲೇಟು, ಹಿಂದಿನ ಪ್ಲೇಟು, ಫ್ಲೈವೀಲು, ಸೆಲ್ಫ್ ಮೋಟರು ಇಷ್ಟನ್ನು ಬಿಚ್ಚಿ, ಎಣ್ಣೆ ಬಳಿದು, ಚೀಟಿ ಕಟ್ಟಿ ಇಡಿ. ಜಾಗ ಹಿಡಿಯುತ್ತದೆ ನಿಜ. ಆದರೂ ಇಡಿ.

ಎತ್ತು ಕೊಳ್ಳುವ ರೈತ ಸಂತೆಯಲ್ಲಿ ಎತ್ತಿನ ಚಂದ ಒಂದನ್ನೇ ನೋಡುವುದಿಲ್ಲ. ಮನೆಯಲ್ಲಿರುವ ಇನ್ನೊಂದರ ಎತ್ತರಕ್ಕೆ, ನಡಿಗೆಗೆ ಹೊಂದುತ್ತದೆಯೇ ಎಂದು ನೋಡುತ್ತಾನೆ. ಹಳೆ ಕಾರಿನ ಭಾಗ ಕೊಳ್ಳುವಾಗಲೂ ಕೇಳಬೇಕಾದದ್ದು ಅದೇ. "ಇದು ಯಾವ ವರ್ಷದ್ದು?" ಎಂಬುದು ಅರ್ಧ ಪ್ರಶ್ನೆ. ಇದರ ಪಕ್ಕದಲ್ಲಿ ಯಾವುದು ನಿಲ್ಲಬೇಕು, ಅದು ಈಗ ನನ್ನ ಹತ್ತಿರ ಏನಿದೆ ಎಂಬುದು ಉಳಿದರ್ಧ.

ಬ್ಯಾಕ್ ಪ್ಲೇಟ್ ಸಿಕ್ಕಿತು ಎಂದುಕೊಳ್ಳೋಣ. ಮುಂದಿನದು ಒಂದು ಹಿತ್ತಾಳೆ ಬಣ್ಣದ ಚಿಕ್ಕ ಬುಷ್. ಕ್ರ್ಯಾಂಕ್ ಶಾಫ್ಟಿನ ಹಿಂತುದಿಯ ಕುಳಿಯಲ್ಲಿ ಅದು ಕೂರುತ್ತದೆ. ಗೇರ್‌ಬಾಕ್ಸಿನ ಮೊದಲ ಶಾಫ್ಟಿನ ಮೂತಿ ಅದರೊಳಗೆ ಬಂದು ನಿಲ್ಲಬೇಕು. ಎಲ್ಲ ಎಂಜಿಬಿ ಗೇರ್‌ಬಾಕ್ಸುಗಳ ಮೂತಿಯ ಅಳತೆ ಒಂದೇ ಅಲ್ಲ. ಮೂತಿ ಸಣ್ಣದಾಗಿ ಬುಷ್ ದೊಡ್ಡದಾದರೆ ಶಾಫ್ಟ್ ಅಲುಗಾಡುತ್ತದೆ, ಕ್ಲಚ್ ಅದುರುತ್ತದೆ, ಮುಂದಿನ ಬೇರಿಂಗ್ ಸವೆಯುತ್ತದೆ. ಇದಕ್ಕೆ ಪರಿಹಾರ ಸುಲಭ. ಕುಳಿಯನ್ನೂ ಮೂತಿಯನ್ನೂ ಮೈಕ್ರೊಮೀಟರಿನಲ್ಲಿ ಅಳೆದು ಕೊಟ್ಟರೆ ಒಳ್ಳೆಯ ಲೇತ್ ಕೆಲಸದವರು ಸರಿಯಾದ ಬುಷ್ ತಿರುಗಿಸಿಕೊಡುತ್ತಾರೆ. ಕ್ಲಚ್ ಪ್ಲೇಟನ್ನೂ ಇದೇ ಹೊತ್ತಿಗೆ ಗೇರ್‌ಬಾಕ್ಸಿನ ಶಾಫ್ಟ್ ಮೇಲೆ ಹಾಕಿ ನೋಡಿ. ಸ್ಪ್ಲೈನಿನ ಹಲ್ಲುಗಳು ಸೇರಿ ಸಲೀಸಾಗಿ ಜಾರಬೇಕು. ಪ್ಲೇಟಿನ ಆಯ್ಕೆ ನಡೆಯುವುದು ಗೇರ್‌ಬಾಕ್ಸನ್ನು ನೋಡಿ, ಪ್ರೆಷರ್ ಪ್ಲೇಟಿನ ಆಯ್ಕೆ ಫ್ಲೈವೀಲನ್ನು ನೋಡಿ. ಮಿಶ್ರ ಗಾಡಿಯಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಬರಬೇಕೆಂದಿಲ್ಲ.

ಕೂಡಿಸುವಾಗ ಒಂದು ಎಚ್ಚರ. ಬೆಲ್ ಹೌಸಿಂಗಿಗೆ ಎರಡು ಬೋಲ್ಟು ಕಚ್ಚುವವರೆಗೆ ಗೇರ್‌ಬಾಕ್ಸಿನ ಭಾರ ಜ್ಯಾಕಿನ ಮೇಲೋ ಇಬ್ಬರ ಕೈಯಲ್ಲೋ ಇರಲೇಬೇಕು. ಆ ಭಾರ ಕ್ಲಚ್ ಪ್ಲೇಟಿನ ನಡುಭಾಗದ ಮೇಲೆ ಒಂದು ಕ್ಷಣ ಜೋತು ಬಿದ್ದರೂ ಪ್ಲೇಟ್ ಸೊಟ್ಟಗಾಗಬಹುದು. ಆಮೇಲೆ ಕ್ಲಚ್ ಪೂರ್ತಿ ಬಿಡದೆ ಗೇರ್ ಕಿರುಚುತ್ತದೆ, ತಪ್ಪು ಗೇರ್‌ಬಾಕ್ಸಿನದು ಎಂದು ಎಲ್ಲರೂ ನಂಬುತ್ತಾರೆ. ಬೋಲ್ಟು ಬಿಗಿದು ಎಳೆದರೆ ಕೂತುಕೊಳ್ಳುತ್ತದೆ ಎಂಬ ಆಸೆಯೂ ಬೇಡ. ಎರಡು ಮುಖಗಳು ಕೈಬಲದಲ್ಲೇ ಸೇರಬೇಕು.

ಈಗ ಮುಂದಿನ ಅಡ್ಡಿ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲವನ್ನೂ ಹೊರುತ್ತದೆ. ಮುಂದಿನ ಎರಡು ಉದ್ದುದ್ದ ರೈಲುಗಳ ಮೇಲೆ ಬೆಸೆದ ಬ್ರಾಕೆಟ್ಟುಗಳಿವೆ. ಇಂಜಿನ್ನಿನ ಮುಂಭಾಗದಲ್ಲಿ ಅಗಲವಾದ ಉಕ್ಕಿನ ಫ್ರಂಟ್ ಪ್ಲೇಟ್ ಇದೆ, ಅದರ ಎರಡು ಕಿವಿಗಳು ಬ್ರಾಕೆಟ್ಟಿನ ರಬ್ಬರುಗಳ ಮೇಲೆ ಕೂರುತ್ತವೆ. 1973ರಲ್ಲಿ ರೋವರ್ ಕಂಪನಿಯ 3528 ಸಿಸಿಯ ವಿ-ಎಯ್ಟ್ ಇಂಜಿನ್ನನ್ನು ಇದೇ ಬಾಡಿಯಲ್ಲಿ ಕೂರಿಸಿದಾಗ ಬ್ರಾಕೆಟ್ಟಿನ ಜಾಗ ಬದಲಾಯಿತು. ರಬ್ಬರ್ ಬಂಪರ್ ಬಂದ ಮೇಲೆ ನಾಲ್ಕು ಸಿಲಿಂಡರಿನ ಗಾಡಿಗೂ ಅದೇ ಬಗೆಯ ಬಾಡಿ ಬಂತು. ಹಾಗಾಗಿ ಆ ಕಾಲದ 18ವಿಯ ಫ್ರಂಟ್ ಪ್ಲೇಟ್ ಬೇರೆ, ರಬ್ಬರೂ ಬೇರೆ. 1966ರ ಬಾಡಿಯ ಬ್ರಾಕೆಟ್ಟಿಗೆ ಅವು ಹೊಂದುವುದಿಲ್ಲ.

ಇಲ್ಲಿ ಕೆಲವರು ವೆಲ್ಡಿಂಗ್ ಯಂತ್ರ ಹೊರತೆಗೆಯುತ್ತಾರೆ. ಬ್ರಾಕೆಟ್ಟನ್ನು ಕತ್ತರಿಸಿ ಮುಂದಕ್ಕೆ ಬೆಸೆಯುತ್ತಾರೆ. ಬೇಡ. ಬದಲಿಸಬೇಕಾದದ್ದು ಬಾಡಿಯನ್ನಲ್ಲ, ಇಂಜಿನ್ನಿನ ಪ್ಲೇಟನ್ನು. ಟೈಮಿಂಗ್ ಕವರ್ ಬಿಚ್ಚಿ, ಚೈನನ್ನೂ ಅದರ ಎರಡು ಚಕ್ರಗಳನ್ನೂ ಹೊರತೆಗೆದು, ಕ್ಯಾಮ್ ಶಾಫ್ಟನ್ನು ಹಿಡಿದಿಡುವ ಚಿಕ್ಕ ಪ್ಲೇಟು ಬಿಚ್ಚಿದರೆ ಫ್ರಂಟ್ ಪ್ಲೇಟ್ ಕೈಗೆ ಬರುತ್ತದೆ. ಹಳೆ ಮಾದರಿಯದನ್ನು ಹೊಸ ಗ್ಯಾಸ್ಕೆಟ್ಟಿನೊಂದಿಗೆ ಕೂರಿಸಿ, ಟೈಮಿಂಗ್ ಗುರುತುಗಳನ್ನು ಸರಿಯಾಗಿ ಹೊಂದಿಸಿ ಚೈನ್ ಹಾಕಬೇಕು. ಒಂದು ದಿನದ ತಾಳ್ಮೆಯ ಕೆಲಸ, ಅಷ್ಟೆ. ಬಾಡಿಗೆ ಗಾಯವಾಗುವುದಿಲ್ಲ, ನಾಳೆ ಯಾರಿಗಾದರೂ ನಿಜವಾದ 18ಜಿಬಿ ಇಂಜಿನ್ ಸಿಕ್ಕರೆ ಅದು ನೇರವಾಗಿ ಬಂದು ಕೂರುತ್ತದೆ.

ರಬ್ಬರ್ ಬಗ್ಗೆ ಜನ ತಾತ್ಸಾರ ಮಾಡುವುದನ್ನು ನೋಡಿದರೆ ನನಗೆ ಸುಮ್ಮನಿರಲಾಗುವುದಿಲ್ಲ. ನಾಲ್ಕು ಸಿಲಿಂಡರಿನ ಇಂಜಿನ್ ತನ್ನ ಸ್ವಭಾವದಿಂದಲೇ ಮೇಲೆ ಕೆಳಗೆ ಅದುರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಒಂದು ಬದಿಗೆ ತಿರುಚಿಕೊಳ್ಳುತ್ತದೆ. ಮುಂದೆ ಎರಡು ಕಡೆ, ಹಿಂದೆ ಗೇರ್‌ಬಾಕ್ಸಿನ ಬಾಲದ ಕೆಳಗೆ ಅಡ್ಡಪಟ್ಟಿಯ ಮೇಲೆ ಇರುವ ರಬ್ಬರುಗಳು ಆ ಅದುರುವಿಕೆಯನ್ನು ನುಂಗಬೇಕು, ಆದರೆ ಇಂಜಿನ್ನನ್ನು ಅಡ್ಡಾದಿಡ್ಡಿ ಓಡಾಡಲು ಬಿಡಬಾರದು. ಎಣ್ಣೆ ಕುಡಿದು ಮೆತ್ತಗಾದ ರಬ್ಬರಿನ ಮೇಲೆ ಇಂಜಿನ್ ಕುಸಿಯುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಫ್ಯಾನ್ ರೇಡಿಯೇಟರಿನ ಹತ್ತಿರಕ್ಕೆ ನುಗ್ಗುತ್ತದೆ, ಎಕ್ಸಾಸ್ಟ್ ಪೈಪು ಬಾಡಿಗೆ ಬಡಿಯುತ್ತದೆ. ತದ್ವಿರುದ್ಧವಾಗಿ ರಬ್ಬರ್ ತೀರ ಗಟ್ಟಿಯಾದರೆ ಸ್ಟಿಯರಿಂಗ್, ಕನ್ನಡಿ, ಡ್ಯಾಶ್‌ಬೋರ್ಡು ಎಲ್ಲ ಝುಂ ಎನ್ನುತ್ತವೆ. ರೇಸಿಗಾಗಿ ಮಾಡಿದ ಪಾಲಿಯುರೆಥೇನ್ ಮೌಂಟಿಂಗು ರಸ್ತೆಯ ಗಾಡಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಯೇ, ಐವತ್ತು ವರ್ಷದಿಂದ ಡಬ್ಬಿಯಲ್ಲಿ ಮುಚ್ಚಿಟ್ಟ "ಮೂಲ ಕಂಪನಿಯ ಹೊಸ ಸ್ಟಾಕ್" ಎಂದು ಯಾರಾದರೂ ಹೆಮ್ಮೆಯಿಂದ ರಬ್ಬರ್ ಮಾರಿದರೆ ಕೊಳ್ಳಬೇಡಿ. ಲೋಹ ಡಬ್ಬಿಯಲ್ಲಿ ಕಾಯುತ್ತದೆ, ರಬ್ಬರ್ ಕಾಯುವುದಿಲ್ಲ; ಬಳಸದಿದ್ದರೂ ಅದು ಮುದಿಯಾಗುತ್ತದೆ. ಹೊಸದಾಗಿ ತಯಾರಾದದ್ದನ್ನೇ ತನ್ನಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಒಂದು ಹೊಸದು ಒಂದು ಹಳೆಯದು ಎಂಬ ಲೆಕ್ಕ ಬೇಡ.

ಬಿಗಿಯುವ ಕ್ರಮಕ್ಕೂ ಅರ್ಥವಿದೆ. ಮುಂದಿನ ನಟ್ಟುಗಳನ್ನು ಬೆರಳಲ್ಲಿ ಹಿಡಿಸಿ ಬಿಟ್ಟು, ಹಿಂದಿನ ಅಡ್ಡಪಟ್ಟಿಯನ್ನು ಸೇರಿಸಿ, ಪೂರ್ತಿ ಭಾರ ರಬ್ಬರುಗಳ ಮೇಲೆ ಇಳಿದ ನಂತರವೇ ಸ್ಪ್ಯಾನರ್ ಹಾಕಬೇಕು. ಹಾಗೆ ಮಾಡದಿದ್ದರೆ ರಬ್ಬರ್ ಹುಟ್ಟುವಾಗಲೇ ತಿರುಚಿಕೊಂಡಿರುತ್ತದೆ. ಗೇರ್‌ಬಾಕ್ಸ್ ಮುಂದೆ ಹಿಂದೆ ಜಾರದಂತೆ ಹಿಡಿಯುವ ಸಣ್ಣ ಕಂಟ್ರೋಲ್ ಬ್ರಾಕೆಟ್ ಒಂದಿದೆ. ಬಿಚ್ಚಿದವರು ಅದನ್ನು ಮರಳಿ ಹಾಕದೆ ಮೂಲೆಗೆ ಎಸೆದಿರುವುದೇ ಹೆಚ್ಚು. ಹುಡುಕಿ ಹಾಕಿ.

ರಬ್ಬರಿನೊಂದಿಗೆ ಬರುವ ಇನ್ನೊಂದು ಸಂಗತಿ ಕರೆಂಟಿನದು. ಇಂಜಿನ್ ಪೂರ್ತಿ ರಬ್ಬರಿನ ಮೇಲೆ ಕೂತಿದೆ ಎಂದರೆ ಅದಕ್ಕೂ ಬಾಡಿಗೂ ನಡುವೆ ವಿದ್ಯುತ್ ಹರಿಯುವ ದಾರಿ ಇಲ್ಲ. ಹೆಣೆದ ತಾಮ್ರದ ಒಂದು ಅರ್ತ್ ಪಟ್ಟಿ ಆ ಕೆಲಸ ಮಾಡುತ್ತದೆ. ಅದನ್ನು ಮರೆತು ಸೆಲ್ಫ್ ಒತ್ತಿದರೆ ಆ ದೊಡ್ಡ ಕರೆಂಟು ಬೇರೆ ದಾರಿ ಹುಡುಕಿಕೊಳ್ಳುತ್ತದೆ: ಚೋಕ್ ಕೇಬಲು, ಆಕ್ಸಿಲರೇಟರ್ ಕೇಬಲು. ಅವು ಕೆಂಪಗೆ ಕಾಯ್ದು, ಹೊಗೆಯಾಡಿ, ಒಳಗಿನ ತಂತಿ ಬೆಸೆದುಕೊಂಡುಬಿಡುತ್ತದೆ. ಹೊಸ ಬಣ್ಣ ಬಳಿದ ಬಾಡಿಯಲ್ಲಿ ಪಟ್ಟಿ ಕೂರುವ ಜಾಗದ ಬಣ್ಣವನ್ನು ಕೆರೆದು ಲೋಹ ಕಾಣಿಸಬೇಕು. ಬಣ್ಣದ ಮೇಲೆ ಕಟ್ಟಿದ ಪಟ್ಟಿ, ಇಲ್ಲದ ಪಟ್ಟಿಗೆ ಸಮ.

ಇನ್ನು ಓವರ್‌ಡ್ರೈವ್. ಗೇರ್‌ಬಾಕ್ಸಿನ ಬಾಲಕ್ಕೆ ಸೇರಿಸಿದ ಲೇಕಾಕ್ ಕಂಪನಿಯ ಈ ಯಂತ್ರ ಗುಂಡಿ ಒತ್ತಿದರೆ ಇಂಜಿನ್ನಿನ ವೇಗವನ್ನು ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಇಳಿಸುತ್ತದೆ. ಅದಿಲ್ಲದ ಎಂಜಿಬಿ ನಾಲ್ಕನೆಯ ಗೇರಿನಲ್ಲಿ ಗಂಟೆಗೆ 70 ಮೈಲಿ ಓಡುವಾಗ ಇಂಜಿನ್ ನಿಮಿಷಕ್ಕೆ ಸುಮಾರು 3,900 ಸುತ್ತು ತಿರುಗುತ್ತದೆ. ಓವರ್‌ಡ್ರೈವ್ ಹಾಕಿದರೆ 3,200ರ ಆಸುಪಾಸಿಗೆ ಇಳಿಯುತ್ತದೆ. ಉದ್ದದ ದಾರಿಯಲ್ಲಿ ಕಿವಿಗೂ ಪೆಟ್ರೋಲಿಗೂ ಅದು ದೊಡ್ಡ ಉಪಕಾರ. ಆದ್ದರಿಂದ ಎಲ್ಲರಿಗೂ ಅದು ಬೇಕು. ಆದರೆ ಓವರ್‌ಡ್ರೈವ್ ಯಂತ್ರ ಒಂದನ್ನೇ ಕೊಂಡು ಸಾಮಾನ್ಯ ಗೇರ್‌ಬಾಕ್ಸಿಗೆ ಸೇರಿಸಲಾಗುವುದಿಲ್ಲ. ಅದಕ್ಕೆ ಗೇರ್‌ಬಾಕ್ಸಿನ ಮೇನ್ ಶಾಫ್ಟೇ ಬೇರೆ. ಮೂರು ಸಿಂಕ್ರೊ ಗೇರ್‌ಬಾಕ್ಸಿಗೆ ಇದ್ದದ್ದು ಡಿ ಮಾದರಿ, ನಾಲ್ಕು ಸಿಂಕ್ರೊಗೆ ಎಲ್‌ಎಚ್ ಮಾದರಿ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಕೊಳ್ಳುವುದಾದರೆ ಗೇರ್‌ಬಾಕ್ಸೂ ಓವರ್‌ಡ್ರೈವೂ ಬಿಚ್ಚದ ಒಂದೇ ಗಂಟಾಗಿ ಕೊಳ್ಳಿ. ಜೊತೆಗೆ ಮುಚ್ಚಳದ ಮೇಲಿನ ಸ್ವಿಚ್ ಕೆಲಸ ಮಾಡುತ್ತದೆಯೇ ನೋಡಿ. ಮೇಲಿನ ಗೇರುಗಳಲ್ಲಿ ಮಾತ್ರ ಓವರ್‌ಡ್ರೈವ್ ಹಿಡಿಯುವಂತೆ ಕಾಯುವುದು ಅದು. ಆ ಕಾವಲು ತಪ್ಪಿ, ಓವರ್‌ಡ್ರೈವ್ ಹಿಡಿದಿರುವಾಗಲೇ ಗಾಡಿಯನ್ನು ರಿವರ್ಸ್ ತೆಗೆದರೆ ಒಳಗೆ ಒಂದೇ ಕಡೆ ತಿರುಗಬಲ್ಲ ಕ್ಲಚ್ ಮುರಿದುಹೋಗುತ್ತದೆ. ಎಣ್ಣೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಒಂದೇ ಎಣ್ಣೆ, ಕಾರ್ಖಾನೆ ಹೇಳಿದ್ದು ಇಂಜಿನ್ ಆಯಿಲ್, 20ಡಬ್ಲ್ಯು50. ಡಿಫರೆನ್ಷಿಯಲ್ಲಿಗೆ ಹಾಕುವ ದಪ್ಪ ಗೇರ್ ಆಯಿಲನ್ನು ಇದಕ್ಕೆ ಹಾಕಬೇಡಿ.

ಸ್ಪೀಡಾಮೀಟರನ್ನು ಯಾರೂ ಗೇರ್‌ಬಾಕ್ಸಿನ ಭಾಗವೆಂದು ಎಣಿಸುವುದಿಲ್ಲ, ಆದರೆ ಅದು ಗೇರ್‌ಬಾಕ್ಸಿನ ಮಾತನ್ನೇ ಆಡುತ್ತದೆ. ಸ್ಮಿತ್ಸ್ ಕಂಪನಿಯ ಮೀಟರಿನ ಮುಖದ ಮೇಲೆ ಸಣ್ಣ ಅಂಕಿಯಲ್ಲಿ 1040, 1280 ಅಥವಾ 1000 ಎಂದು ಅಚ್ಚಾಗಿರುತ್ತದೆ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ಬರುತ್ತದೆ ಎಂಬ ಲೆಕ್ಕ ಅದು. ಮೂರು ಸಿಂಕ್ರೊ ಗಾಡಿಯದು 1040, ನಾಲ್ಕು ಸಿಂಕ್ರೊ ಗಾಡಿಯದು 1280, ಕೊನೆಯ ವರ್ಷಗಳದ್ದು 1000. 1280 ಸುತ್ತು ಕೊಡುವ ಗೇರ್‌ಬಾಕ್ಸಿಗೆ 1040ರ ಮೀಟರ್ ಇದ್ದರೆ ನಿಜವಾದ ವೇಗ 50 ಇರುವಾಗ ಮುಳ್ಳು 61 ದಾಟಿ ನಿಲ್ಲುತ್ತದೆ. ಅದು ಅಷ್ಟು ಅಪಾಯವಲ್ಲ. 1000ದ ಗೇರ್‌ಬಾಕ್ಸಿಗೆ 1280ರ ಮೀಟರ್ ಸೇರಿದರೆ 50ರಲ್ಲಿ ಓಡುವಾಗ 39 ತೋರಿಸುತ್ತದೆ. ಅದು ಅಪಾಯ.

"ಇಷ್ಟೆಲ್ಲ ರಗಳೆ ಏಕೆ, 1966ರ ಗಾಡಿಗೂ ನಾಲ್ಕು ಸಿಂಕ್ರೊ ಗೇರ್‌ಬಾಕ್ಸನ್ನೇ ಹಾಕಿದರಾಯಿತಲ್ಲ" ಎಂದು ಕೇಳುವವರಿದ್ದಾರೆ. ಹಾಕಬಹುದು, ಆದರೆ ಕಿರಿದಾದ ಟನಲನ್ನು ಕತ್ತರಿಸಿ ಅಗಲ ಮಾಡಬೇಕು. ಹಿಂದಿನ ಅಡ್ಡಪಟ್ಟಿ ಬೇರೆ ಬೇಕು. ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಮತ್ತೆ ಅಳೆಯಬೇಕು, ಯಾಕೆಂದರೆ ಅದು ಗೇರ್‌ಬಾಕ್ಸಿನ ಬಾಲಕ್ಕೂ ಹಿಂದಿನ ಆ್ಯಕ್ಸಲ್ಲಿಗೂ ಹೊಂದಬೇಕು. 1967ಕ್ಕೆ ಮೊದಲಿನ ತೆರೆದ ಗಾಡಿಗಳ ಆ್ಯಕ್ಸಲ್ ಮಾದರಿಯೇ ಬೇರೆ. ನನ್ನ ಮಟ್ಟಿಗೆ, ಬಾಡಿಯನ್ನು ಕತ್ತರಿಸಿ ಮಾಡುವ ಯಾವ ಅನುಕೂಲವೂ ದುಬಾರಿಯೇ. ಒಂದನೆಯ ಗೇರಿಗೆ ಗಾಡಿ ನಿಲ್ಲುವವರೆಗೆ ಕಾಯುವ ಅಭ್ಯಾಸ ಒಂದು ವಾರದಲ್ಲಿ ಕೈಗೆ ಬರುತ್ತದೆ.

ಬಾಡಿಯೇ ತುಕ್ಕು ಹಿಡಿದು ಹೋಗಿದ್ದರೆ ಮಾತು ಬೇರೆ. ಮೂಲ ಅಚ್ಚುಗಳನ್ನು ಬಳಸಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಯ ಹೊಸ ಬಾಡಿ ತಯಾರಿಸುತ್ತಾ ಬಂದಿದೆ. ಅದನ್ನು ತರಿಸುವವರು ಬಣ್ಣದ ಯೋಚನೆಗೆ ಮೊದಲು ಟನಲ್ ಯಾವ ಬಗೆಯದು, ಇಂಜಿನ್ ಬ್ರಾಕೆಟ್ ಯಾವ ಬಗೆಯದು ಎಂದು ಬರೆದು ಕೇಳಿ ಖಚಿತ ಮಾಡಿಕೊಳ್ಳಬೇಕು. ನಿಮ್ಮ ಗಾಡಿಗೆ ಕಾರ್ಖಾನೆಯಲ್ಲಿ ಯಾವ ನಂಬರಿನ ಇಂಜಿನ್ ಹಾಕಿದ್ದರು ಎಂದು ತಿಳಿಯಲು ಇಂಗ್ಲೆಂಡಿನ ಗೇಡನ್ನಿನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಮ್ ಹಳೆಯ ಕಡತಗಳನ್ನು ನೋಡಿ ಪ್ರಮಾಣಪತ್ರ ಕೊಡುತ್ತದೆ. ಹಳೆಯದಾಗಲಿ ಹೊಸದಾಗಲಿ, ಬಾಡಿಗೆ ಕೊನೆಯ ಬಣ್ಣ ಬಳಿಯುವ ಮೊದಲು ಒಮ್ಮೆ ಖಾಲಿ ಬ್ಲಾಕನ್ನೂ ಗೇರ್‌ಬಾಕ್ಸನ್ನೂ ಕೂಡಿಸಿ, ಎಲ್ಲ ಮೌಂಟಿಂಗುಗಳ ಮೇಲೆ ಇಳಿಸಿ ನೋಡಿ. ಗೇರ್ ಲಿವರ್ ಟನಲಿನ ತೂತಿನ ನಡುವೆ ನಿಂತಿದೆಯೇ, ಫ್ಯಾನಿಗೂ ರೇಡಿಯೇಟರಿಗೂ ನಡುವೆ ಜಾಗ ಇದೆಯೇ, ಸ್ಟಿಯರಿಂಗ್ ಶಾಫ್ಟಿಗೆ ಮೌಂಟಿಂಗ್ ತಾಗುತ್ತಿಲ್ಲವೇ, ಪ್ರೊಪೆಲ್ಲರ್ ಶಾಫ್ಟಿನ ಜಾರುವ ತುದಿಗೆ ಎರಡೂ ಕಡೆ ಓಡಾಡಲು ಎಡೆ ಉಳಿದಿದೆಯೇ ಎಂದು ಪರೀಕ್ಷಿಸಿ. ತಗಡು ಬಡಿಯುವುದಿದ್ದರೆ, ತೂತು ಕೊರೆಯುವುದಿದ್ದರೆ ಆಗಲೇ ಮಾಡಿ ಮುಗಿಸಿ, ಮತ್ತೆ ಎಲ್ಲವನ್ನೂ ಹೊರತೆಗೆದು ಬಾಡಿಯನ್ನು ಪೇಂಟರ್ ಕೈಗೆ ಕೊಡಿ.